ಪೊರೆಗೆ ಹೆಪ್ಪು ಹಾಕಬೇಕಾ, ಬೇಡವಾ?

ಧಾರವಾಡದಲ್ಲಿ ಕೂತು ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎಂಎಫ್ಐ ಜಿಯೋಲೈಟ್ (ಅಣು ಗಾತ್ರದ ರಂಧ್ರಗಳಿರುವ ಒಂದು ಬಗೆಯ ಹರಳು) ಪೊರೆ ಮಾಡಿ, ಬ್ಯುಟೇನ್ ಮತ್ತು ಐಸೋಬ್ಯುಟೇನ್ ಬೇರೆ ಮಾಡಬೇಕು ಅಂತಿದ್ದೀರಾ? ದಾರಿ ಎರಡಿವೆ.

ಪೊರೆಗೆ ಆಧಾರವಾಗುವ ಅಲ್ಯುಮಿನಾ ಕೊಳವೆಯನ್ನು ನೇರವಾಗಿ ಜಿಯೋಲೈಟ್ ಹುಟ್ಟುವ ದ್ರಾವಣದಲ್ಲಿಟ್ಟು ಆಟೋಕ್ಲೇವ್‌ನಲ್ಲಿ (ಒತ್ತಡದಲ್ಲಿ ಕಾಯಿಸುವ ಮುಚ್ಚಿದ ಪಾತ್ರೆ) ಕಾಯಿಸಿದರೆ ಕೆಲಸ ಕಡಿಮೆ. ಆದರೆ ಹರಳು ಎಲ್ಲಿ ಹುಟ್ಟಬೇಕು ಅನ್ನೋದು ಅದರ ಮರ್ಜಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು.

ಮೊದಲೇ ಕೊಳವೆಗೆ ಪುಟ್ಟ ಜಿಯೋಲೈಟ್ ಹರಳು ಸವರಿ ಬೆಳೆಸುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕೆಲಸ ಜಾಸ್ತಿ, ಪೊರೆ ಮಾತ್ರ ತೆಳುವಾಗಿ, ಸಮವಾಗಿ ಬರುತ್ತದೆ. ನನ್ನ ಓಟು ಇದಕ್ಕೇ.

ಟೆಂಪ್ಲೇಟ್ (ಹರಳಿನ ರಂಧ್ರಕ್ಕೆ ಅಚ್ಚಾಗಿ ಹಾಕಿದ ಸಾವಯವ ಅಣು) ಸುಡುವಾಗ ಎರಡಕ್ಕೂ ಗಂಡಾಂತರ. ಸುಮಾರು 450 ಡಿಗ್ರಿಗೆ ಏರಿಸಬೇಕು, ಆದರೆ ನಿಮಿಷಕ್ಕೆ 1 ಡಿಗ್ರಿ ದಾಟಬೇಡಿ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ರಂಧ್ರ ಬರೀ 0.55 ನ್ಯಾನೋಮೀಟರ್, ಬಿರುಕಿದ್ದರೆ ಎರಡೂ ಅನಿಲ ಸುಮ್ನೆ ನುಗ್ಗುತ್ತವೆ, ಅಲ್ವಾ? ನಮ್ಮ ಮಳೆಗಾಲದಲ್ಲಿ ಟೆಸ್ಟ್‌ಗೆ ಮುಂಚೆ ಚೆನ್ನಾಗಿ ಒಣಗಿಸಿ.