ಎಫ್‌ಸಿ ಡಲ್ಲಾಸ್ ಸೀಸನ್ ಟಿಕೆಟ್: ಕಪ್ ಬೇಕಾದವರು ಬೇರೆ ಕಡೆ ನೋಡಿ

ಟೆಕ್ಸಸ್‌ನ ಫ್ರಿಸ್ಕೊ, ಪ್ಲೇನೊ ಕಡೆ ಹೊಸದಾಗಿ ಬಂದ ನಮ್ಮವರು ಆಗಾಗ ಕೇಳುತ್ತಾರೆ, ಇಲ್ಲಿನ ಫುಟ್‌ಬಾಲ್ ತಂಡ ಎಫ್‌ಸಿ ಡಲ್ಲಾಸ್‌ನ ಸೀಸನ್ ಟಿಕೆಟ್ ತಗೋಬಹುದಾ, ಕೊಟ್ಟ ದುಡ್ಡಿಗೆ ಮೋಸ ಇಲ್ವಾ ಅಂತ. ತಗೋಬಹುದು. ಆದರೆ ಕಪ್ ಗೆಲ್ಲುವ ತಂಡವನ್ನು ನೋಡಬೇಕು ಅನ್ನುವ ಆಸೆ ಇದ್ದರೆ ಬೇಡ. ಅಮೆರಿಕದ ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, 1996ರಲ್ಲಿ ಶುರುವಾದಾಗಿಂದ ಈ ತಂಡ ಇದೆ. ಆಗ ಇದರ ಹೆಸರು ಡಲ್ಲಾಸ್ ಬರ್ನ್. ಎಂಎಲ್‌ಎಸ್ ಕಪ್ ಒಂದು ಸಲವೂ ಬಂದಿಲ್ಲ. 2010ರಲ್ಲಿ ಫೈನಲ್‌ವರೆಗೆ ಹೋಗಿ ಕೊಲರಾಡೊ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ಸೋತರು. 2016ರಲ್ಲಿ ಲೀಗ್‌ನ ಅಂಕಪಟ್ಟಿಯಲ್ಲಿ ಮೊದಲ ಸ್ಥಾನದವರಿಗೆ ಕೊಡುವ ಸಪೋರ್ಟರ್ಸ್ ಶೀಲ್ಡ್, ಜೊತೆಗೆ ಯುಎಸ್ ಓಪನ್ ಕಪ್, ಎರಡೂ ಬಂದವು. ಅಲ್ಲಿಂದ ಈಚೆಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆರ್‌ಸಿಬಿ ನೋಡಿಕೊಂಡು ಬೆಳೆದವರಿಗೆ ಕಾಯುವುದು ಹೊಸದಲ್ಲ ಬಿಡಿ, ಆದರೆ ಆರ್‌ಸಿಬಿಗೂ 2025ರಲ್ಲಿ ಕಪ್ ಬಂತು.

ಹಾಗಿದ್ದರೂ ನಾನು ದುಡ್ಡು ಕೊಟ್ಟು ಹೋಗುತ್ತೇನೆ, ಯಾಕೆಂದರೆ ಇಲ್ಲಿ ನೋಡಲು ಸಿಗುವುದೇ ಬೇರೆ. ಯುರೋಪಿಗೆ ಹೋಗುವ ಮುಂಚಿನ ಹುಡುಗರ ಆಟ ಇಲ್ಲಿ ಸಿಗುತ್ತದೆ. ಅದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಲೀಗಿನ ಸಂಬಳದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಹೋದರೆ "ಇದೇನು, ಚೆನ್ನಾಗಿ ಆಡುತ್ತಿದ್ದವನನ್ನೇ ಮಾರಿಬಿಟ್ಟರಲ್ಲ" ಅಂತ ವರ್ಷಕ್ಕೆ ಎರಡು ಸಲ ತಲೆ ಚಚ್ಚಿಕೊಳ್ಳುತ್ತೀರಿ.

ಎಂಎಲ್‌ಎಸ್‌ನಲ್ಲಿ ಆಟಗಾರರ ಕರಾರು ಇರುವುದು ಕ್ಲಬ್ ಜೊತೆ ಅಲ್ಲ, ಲೀಗ್ ಜೊತೆ. ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ. 2025ರಲ್ಲಿ ಅದು 59.5 ಲಕ್ಷ ಡಾಲರ್, ಒಬ್ಬ ಆಟಗಾರನ ಲೆಕ್ಕಕ್ಕೆ ಹೆಚ್ಚೆಂದರೆ 7,43,750 ಡಾಲರ್. ಅಷ್ಟೇನಾ ಅಂದರೆ ಅಷ್ಟೇ ಅಲ್ಲ. ಮದುವೆಗೆ ಬಜೆಟ್ ಹಾಕಿಕೊಂಡು, "ಒಡವೆ ಖರ್ಚು ಮಾತ್ರ ಬೇರೆ" ಅಂತಾರಲ್ಲ, ಇದೂ ಹಾಗೆಯೇ. 2007ರಲ್ಲಿ ಬೆಕಮ್‌ರನ್ನು ಲಾಸ್ ಏಂಜಲಿಸ್ ಗ್ಯಾಲಕ್ಸಿಗೆ ತರಲು ಒಂದು ನಿಯಮ ಮಾಡಿದರು. ಕೆಲವು ದೊಡ್ಡ ಆಟಗಾರರಿಗೆ, ಈಗ ಮೂವರವರೆಗೆ, ಎಷ್ಟು ಬೇಕಾದರೂ ಕೊಡಿ, ಮಿತಿಯ ಲೆಕ್ಕಕ್ಕೆ ಮಾತ್ರ ಆ ಗರಿಷ್ಠ ಮೊತ್ತ ಹಿಡಿದರೆ ಸಾಕು. ಆಮೇಲೆ 22 ವರ್ಷದೊಳಗಿನ ಹುಡುಗರನ್ನು ಹೊರಗಿನಿಂದ ತರಲು 2021ರಲ್ಲಿ ಇನ್ನೊಂದು ರಿಯಾಯಿತಿ. ಅದರ ಮೇಲೆ ಅಲೊಕೇಶನ್ ಮನಿ ಅಂತ ಒಂದು, ಮಿತಿ ಮೀರಿದ ಸಂಬಳಕ್ಕೆ ಹಾಕಿಕೊಳ್ಳಲು ಲೀಗ್ ಕೊಡುವ ದುಡ್ಡು, ಅದನ್ನು ಕ್ಲಬ್‌ಗಳು ತಮ್ಮತಮ್ಮಲ್ಲೇ ಕೊಟ್ಟು ತಗೊಂಡು ಮಾಡುತ್ತವೆ. ಇದನ್ನೆಲ್ಲ ಪೂರ್ತಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಟ್ಯಾಕ್ಸ್ ಫಾರ್ಮ್ ತುಂಬುವವರಿಗೂ ತಲೆ ತಿರುಗುತ್ತದೆ.

ನಮಗೆ ಮುಖ್ಯವಾದದ್ದು ಇನ್ನೊಂದು. ಸ್ವಂತ ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ತಂಡದ ಪಟ್ಟಿಯ ಕೊನೆಯ ಸ್ಥಾನಗಳಲ್ಲಿ ಜಾಗ ಕೊಟ್ಟರೆ ಅವನ ಸಂಬಳ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಅವನನ್ನು ಮಾರಿದರೆ ದುಡ್ಡು ಕ್ಲಬ್‌ಗೆ, ಅದರಲ್ಲಿ ಒಂದು ಭಾಗವನ್ನು ಅಲೊಕೇಶನ್ ಮನಿಯಾಗಿ ಬದಲಾಯಿಸಿ ಬೇರೆಯವರ ಸಂಬಳಕ್ಕೆ ಹಾಕಿಕೊಳ್ಳಲೂಬಹುದು. ಅಂದಮೇಲೆ ಮೆಸ್ಸಿಯಂಥವರನ್ನು ತರಲು ಮನಸ್ಸಿಲ್ಲದ ಕ್ಲಬ್ ಏನು ಮಾಡಬೇಕು? ಹುಡುಗರನ್ನು ಬೆಳೆಸಬೇಕು, ಆಡಿಸಬೇಕು, ಮಾರಬೇಕು. ಡಲ್ಲಾಸ್ ಹಿಡಿದಿರುವುದು ಇದೇ ದಾರಿ.

ಸ್ಟೇಡಿಯಂಗೆ ಸ್ವಲ್ಪ ಬೇಗ ಹೋದರೆ ಇದು ಕಣ್ಣಿಗೇ ಕಾಣುತ್ತದೆ. 2005ರಲ್ಲಿ ತೆರೆದ ಟೊಯೋಟಾ ಸ್ಟೇಡಿಯಂ ಒಂಟಿಯಾಗಿ ನಿಂತಿಲ್ಲ, ಅದಕ್ಕೆ ಅಂಟಿಕೊಂಡೇ 17 ಸಾಕರ್ ಮೈದಾನಗಳಿವೆ. ದೊಡ್ಡವರ ಮ್ಯಾಚ್‌ಗೆ ಗಾಡಿ ನಿಲ್ಲಿಸಿ ನಡೆದು ಬರುವಾಗ ಪಕ್ಕದ ಮೈದಾನದಲ್ಲಿ ಹನ್ನೆರಡು ಹದಿಮೂರರ ಹುಡುಗರು ಆಡುತ್ತಿರುತ್ತಾರೆ, ಅಪ್ಪ ಅಮ್ಮಂದಿರು ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಯಾರೋ ಒಬ್ಬರು ಸ್ಪ್ಯಾನಿಷ್‌ನಲ್ಲಿ ರೆಫರಿಗೆ ಬಯ್ಯುತ್ತಿರುತ್ತಾರೆ. ಸ್ಟೇಡಿಯಂ ಸುಮಾರು 20 ಸಾವಿರ ಜನರದ್ದು, ಕೆಳಗಿನ ಸಾಲಲ್ಲಿ ಕೂತರೆ ಗೋಲ್‌ಕೀಪರ್ ಕೂಗುವುದೂ ಕೇಳಿಸುತ್ತದೆ. ದಕ್ಷಿಣ ತುದಿಯಲ್ಲಿ ಅಮೆರಿಕದ ಸಾಕರ್ ಹಾಲ್ ಆಫ್ ಫೇಮ್ ಮ್ಯೂಸಿಯಂ ಇದೆ, 2018ರಲ್ಲಿ ಶುರುವಾದದ್ದು, ಮಕ್ಕಳಿದ್ದರೆ ಒಮ್ಮೆ ಹೋಗಿ. ಸ್ಟೇಡಿಯಂ ನವೀಕರಣದ ಕೆಲಸ 2028ರವರೆಗೆ ಇದೆ, ಹಾಗಾಗಿ ಸೀಟ್ ಎಲ್ಲಿ ಅಂತ ನಕ್ಷೆ ನೋಡಿಯೇ ಬುಕ್ ಮಾಡಿ.

ಇಲ್ಲಿಂದ ಹೋದವರ ಪಟ್ಟಿ ನೋಡಿದರೆ ನನಗೆ ಖುಷಿಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ವೆಸ್ಟನ್ ಮೆಕೆನಿ ಪಕ್ಕದ ಲಿಟಲ್ ಎಲ್ಮ್‌ನ ಹುಡುಗ, ಈ ಅಕಾಡೆಮಿಯಲ್ಲೇ ಬೆಳೆದವನು. 2016ರಲ್ಲಿ ಇಲ್ಲಿ ಸಹಿ ಹಾಕದೆ ಜರ್ಮನಿಯ ಶಾಲ್ಕೆಗೆ ಹೋದ, ಆಮೇಲೆ ಯುವೆಂಟಸ್. ಡಲ್ಲಾಸ್‌ಗೆ ವರ್ಗಾವಣೆಯ ದುಡ್ಡು ಒಂದು ಪೈಸೆ ಸಿಗಲಿಲ್ಲ. ಬೆಳೆಸಿದ ಕ್ಲಬ್‌ಗೆ ಪಾಲು ಕೊಡಬೇಕು ಅನ್ನುವ ಫಿಫಾ ನಿಯಮವನ್ನು ತಾನೂ ಜಾರಿ ಮಾಡಿಸುತ್ತೇನೆ ಅಂತ ಎಂಎಲ್‌ಎಸ್ ಹೇಳಿದ್ದು 2019ರಲ್ಲಿ. ಕ್ರಿಸ್ ರಿಚರ್ಡ್ಸ್ ಇಲ್ಲಿಂದ ಬಯರ್ನ್ ಮ್ಯೂನಿಕ್‌ಗೆ ಹೋದ, 2025ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಪರ ಎಫ್‌ಎ ಕಪ್ ಗೆದ್ದ. ಬ್ರಯಾನ್ ರೆನಾಲ್ಡ್ಸ್ ರೋಮಾಗೆ ಹೋದ.

ಇವರೆಲ್ಲರಿಗಿಂತ ಲೆಕ್ಕ ಸರಿಯಾಗಿ ಕೂಡಿಬಂದದ್ದು ರಿಕಾರ್ಡೊ ಪೆಪಿ ವಿಷಯದಲ್ಲಿ. ಎಲ್ ಪಾಸೊ ಕಡೆಯ ಹುಡುಗ. 2021ರ ಜುಲೈನಲ್ಲಿ, 18ನೇ ವಯಸ್ಸಿನಲ್ಲಿ, ಇದೇ ಮೈದಾನದಲ್ಲಿ ಗ್ಯಾಲಕ್ಸಿ ಎದುರು ಮೂರು ಗೋಲು ಹೊಡೆದ. ಎಂಎಲ್‌ಎಸ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಹ್ಯಾಟ್ರಿಕ್ ಯಾರೂ ಮಾಡಿರಲಿಲ್ಲ. ಆರು ತಿಂಗಳೂ ಆಗಿರಲಿಲ್ಲ, 2022ರ ಜನವರಿಯಲ್ಲಿ ಸುಮಾರು 2 ಕೋಟಿ ಡಾಲರ್‌ಗೆ ಜರ್ಮನಿಯ ಆಗ್ಸ್‌ಬರ್ಗ್‌ಗೆ ಮಾರಿದರು. ಒಂದು ವರ್ಷದ ಇಡೀ ತಂಡದ ಸಂಬಳದ ಮಿತಿಗಿಂತ ಮೂರು ಪಟ್ಟು ಜಾಸ್ತಿ, ಒಬ್ಬ ಹುಡುಗನಿಂದ! ಕ್ಲಬ್ ಕಡೆಯಿಂದ ನೋಡಿದರೆ ಸರಿಯೇ. ಆದರೆ ಅವನ ಜೆರ್ಸಿ ತಗೊಂಡ ಮಕ್ಕಳಿಗೆ ಏನು ಹೇಳುವುದು ಅಲ್ವಾ?

ಈ ಟಿಕೆಟ್‌ನ ದೊಡ್ಡ ಕೊರತೆ ಇದೇ. ಮೆಚ್ಚಿಕೊಂಡವನು ಉಳಿಯುವುದಿಲ್ಲ. ಹೆಸುಸ್ ಫೆರೇರಾ ಅಂತ ಒಬ್ಬನಿದ್ದ. ಅವನ ಅಪ್ಪ ದವೀದ್ ಫೆರೇರಾ 2010ರಲ್ಲಿ ಡಲ್ಲಾಸ್‌ಗೆ ಆಡಿ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರು, ಆ ಸೋತ ಫೈನಲ್‌ನಲ್ಲೂ ಇದ್ದವರು. ಮಗ ಇದೇ ಅಕಾಡೆಮಿಯಿಂದ ಬಂದು 10ನೇ ನಂಬರ್ ಹಾಕಿಕೊಂಡ, 2022ರ ವಿಶ್ವಕಪ್‌ಗೂ ಹೋದ. 2025ರ ಜನವರಿಯಲ್ಲಿ ಅವನನ್ನು ಸಿಯಾಟಲ್‌ಗೆ ಕೊಟ್ಟು, ಬದಲಿಗೆ ಒಬ್ಬ ಆಟಗಾರನನ್ನೂ ಅಲೊಕೇಶನ್ ಮನಿಯನ್ನೂ ತಗೊಂಡರು. ಅದೇ ತಿಂಗಳು ಅಲಾನ್ ವೆಲಾಸ್ಕೊ ಬೊಕಾ ಜೂನಿಯರ್ಸ್‌ಗೆ ಹೋದ. ಅದರ ಮುಂದಿನ ತಿಂಗಳು ಸಿನ್ಸಿನಾಟಿಯಿಂದ ಲೂಚೊ ಅಕೋಸ್ಟಾನನ್ನು ತಂದರು, ಇನ್ನೇನು ಅವನ ಆಟ ನೋಡುವುದು ಅಭ್ಯಾಸವಾಗುತ್ತಿದೆ ಅನ್ನುವಾಗ ಆಗಸ್ಟ್‌ನಲ್ಲಿ ಅವನೂ ಬ್ರೆಜಿಲ್‌ಗೆ ಹೊರಟ. ಪೋಸ್ಟರ್ ಅಂಟಿಸಿದ ಅಂಟು ಒಣಗುವಷ್ಟರಲ್ಲಿ ಆಟಗಾರ ಊರು ಬಿಟ್ಟಿರುತ್ತಾನೆ.

ಮಿತಿ ಇದ್ದ ಮಾತ್ರಕ್ಕೆ ಹುಡುಗರು ಬೆಳೆಯುತ್ತಾರೆ ಅಂತಲೂ ಅಲ್ಲ. ನಮ್ಮ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನಲ್ಲೂ ಸಂಬಳದ ಮಿತಿ ಇದೆ. 2024-25ರ ಸೀಸನ್‌ನಲ್ಲಿ ಅಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, 14 ಗೋಲು, ವಯಸ್ಸು 40. ನಿವೃತ್ತಿ ಹೇಳಿದ್ದವರನ್ನು ರಾಷ್ಟ್ರೀಯ ತಂಡಕ್ಕೆ ವಾಪಸ್ ಕರೆಸಿಕೊಳ್ಳಬೇಕಾಯಿತು. ಕಂಠೀರವದಲ್ಲಿ ಕೂತು ಅವರ ಆಟ ನೋಡುವುದು ಭಾಗ್ಯವೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ಆ ಜಾಗಕ್ಕೆ ಇಪ್ಪತ್ತರ ಹುಡುಗ ಯಾಕೆ ಬರಲಿಲ್ಲ? ನನಗೆ ಅನ್ನಿಸುವುದು ಇಷ್ಟು. ಬರೀ ಖರ್ಚಿಗೆ ಕಡಿವಾಣ ಹಾಕಿದರೆ ಮಾಲೀಕರ ಜೇಬು ಉಳಿಯುತ್ತದೆ. ಹುಡುಗನನ್ನು ಆಡಿಸಿದರೆ ಮಿತಿಯಲ್ಲಿ ವಿನಾಯಿತಿ, ಮಾರಿದರೆ ಲಾಭ ಅಂತ ಇದ್ದರೆ ಮಾತ್ರ ಕೋಚ್‌ಗೆ ಅವನನ್ನು ಇಳಿಸುವ ಧೈರ್ಯ ಬರುತ್ತದೆ. ಇಲ್ಲಿಯೂ ಎಲ್ಲ ಸರಿ ಇಲ್ಲ. ಹೊರಗಿನಿಂದ 22ರ ಒಳಗಿನವರನ್ನು ತರಲು ಕೊಟ್ಟ ಆ ರಿಯಾಯಿತಿ ಇದೆಯಲ್ಲ, ಅದು ಎಷ್ಟೋ ಸಲ ಮನೆಯ ಹುಡುಗನ ಜಾಗವನ್ನೇ ತಿನ್ನುತ್ತದೆ.

ಮ್ಯಾಚ್ ನೋಡುತ್ತಾ ನಾನು ಮಾಡುವ ಒಂದು ಚಟ ಹೇಳುತ್ತೇನೆ. ಆಟಗಾರರ ಸಂಘ ಪ್ರತಿಯೊಬ್ಬರ ಸಂಬಳವನ್ನೂ ಹೆಸರು ಸಮೇತ ಪ್ರಕಟಿಸುತ್ತದೆ. ಫೋನಿನಲ್ಲಿ ಆ ಪಟ್ಟಿ ತೆರೆದಿಟ್ಟುಕೊಂಡು ಕೂರುತ್ತೇನೆ. 2025ರಲ್ಲಿ ಮೆಸ್ಸಿಗೆ 2 ಕೋಟಿ ಡಾಲರ್‌ಗೂ ಮೇಲೆ. ಪಟ್ಟಿಯ ಕೆಳಗಿನ ತುದಿಯ ಹುಡುಗನಿಗೆ ಕನಿಷ್ಠ ಸಂಬಳ 80,622 ಡಾಲರ್. ಫ್ರಿಸ್ಕೊದಲ್ಲಿ ಕೋಡ್ ಬರೆಯುವ ನಮ್ಮ ಎಷ್ಟೋ ಹುಡುಗರ ಸಂಬಳ ಅದಕ್ಕಿಂತ ಜಾಸ್ತಿ! ಇಬ್ಬರೂ ಒಂದೇ ಹುಲ್ಲಿನ ಮೇಲೆ, ಒಂದೇ ಚೆಂಡಿಗೆ ಓಡುತ್ತಾರೆ.

2023ರ ಆಗಸ್ಟ್ 6ರಂದು ಇದೇ ಆಯಿತು. ಅಮೆರಿಕ, ಮೆಕ್ಸಿಕೊ ಲೀಗ್‌ಗಳ ತಂಡಗಳು ಆಡುವ ಲೀಗ್ಸ್ ಕಪ್‌ನಲ್ಲಿ ಮೆಸ್ಸಿಯ ಮಯಾಮಿ ಇಲ್ಲಿಗೆ ಬಂದಿತ್ತು, ಅಮೆರಿಕಕ್ಕೆ ಬಂದ ಮೇಲೆ ತವರು ಮೈದಾನ ಬಿಟ್ಟು ಹೊರಗೆ ಅವರು ಆಡಿದ ಮೊದಲ ಮ್ಯಾಚ್. ಬರ್ನಾರ್ಡ್ ಕಮುಂಗೊ ಡಲ್ಲಾಸ್‌ಗೆ ಒಂದು ಗೋಲು ಹೊಡೆದ. ತಾಂಜಾನಿಯಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಟೆಕ್ಸಸ್‌ನ ಆಬಿಲೀನ್‌ನಲ್ಲಿ ಬೆಳೆದು, ಯಾರು ಬೇಕಾದರೂ ಬರಬಹುದಾದ ಒಂದು ಟ್ರಯಲ್‌ಗೆ ಬಂದು ಡಲ್ಲಾಸ್‌ನ ಎರಡನೇ ತಂಡ ನಾರ್ತ್ ಟೆಕ್ಸಸ್‌ಗೆ ಆಯ್ಕೆಯಾದವನು. ಡಲ್ಲಾಸ್ 4-2 ಮುಂದಿತ್ತು. ಆಮೇಲೆ ನಮ್ಮವರದ್ದೇ ಒಂದು ಓನ್ ಗೋಲ್, 85ನೇ ನಿಮಿಷಕ್ಕೆ ಮೆಸ್ಸಿಯ ಫ್ರೀ ಕಿಕ್, 4-4, ಪೆನಾಲ್ಟಿಯಲ್ಲಿ ಸೋಲು. ಸೋತರೂ ಆ ರಾತ್ರಿಯ ಕಮುಂಗೊನನ್ನು ಇಲ್ಲಿಯವರು ಈಗಲೂ ನೆನೆಯುತ್ತಾರೆ.

ಮಕ್ಕಳ ವಿಷಯಕ್ಕೆ ಒಂದು ಮಾತು. ಆಟ ನೋಡಿ ಬಂದ ಮೇಲೆ ಮಗ ತಾನೂ ಸೇರುತ್ತೇನೆ ಅಂತ ಹಟ ಹಿಡಿಯುತ್ತಾನೆ, ಅದಕ್ಕೆ ತಯಾರಾಗಿರಿ. ಕ್ಲಬ್‌ನ ಆಯ್ದ ಅಕಾಡೆಮಿ ತಂಡಗಳಿಗೆ ಫೀ ಇಲ್ಲ, ಆದರೆ ಅಲ್ಲಿಗೆ ಆಯ್ಕೆಯಾಗುವುದು ಬಹಳ ಕಷ್ಟ. ಉಳಿದ ಯೂತ್ ಕ್ಲಬ್‌ಗಳೆಲ್ಲ ದುಡ್ಡಿನ ಮೇಲೆ ನಡೆಯುತ್ತವೆ. ನಾವು ಸೇರಿಸಿದ ಒಂದು ಕ್ಲಬ್‌ನಲ್ಲಿ ಫೀ ಬೇರೆ, ಯೂನಿಫಾರ್ಮ್ ಬೇರೆ, ಟೂರ್ನಮೆಂಟ್ ಬೇರೆ, ಕೋಚ್‌ನ ಹೋಟೆಲ್ ಖರ್ಚಿನ ಪಾಲೂ ಬೇರೆ. ಸೇರಿಸುವ ಮುಂಚೆ ಇಡೀ ವರ್ಷದ ಲೆಕ್ಕವನ್ನು ಬರೆಸಿಕೊಳ್ಳಿ.

ಇನ್ನು ಟಿಕೆಟ್. ಮೆಸ್ಸಿ ಬರುವ ದಿನ ಬಿಟ್ಟುಬಿಡಿ, ಬೆಲೆ ಕೇಳುವ ಹಾಗಿರುವುದಿಲ್ಲ. ಹ್ಯೂಸ್ಟನ್ ಮ್ಯಾಚ್ ತಗೊಳ್ಳಿ, ಟೆಕ್ಸಸ್‌ನ ಈ ಎರಡು ತಂಡಗಳ ಜಗಳದ ಟ್ರೋಫಿ ಒಂದು ಫಿರಂಗಿ, ಜನ ಬಾಯಿ ಬಿಟ್ಟು ಕೂಗುವುದು ಅವತ್ತೇ. ಆಸ್ಟಿನ್ ಮ್ಯಾಚ್ ಕೂಡ ಪರವಾಗಿಲ್ಲ. ಮರುಮಾರಾಟದ ಆ್ಯಪ್‌ನಲ್ಲಿ ನೋಡುವಾಗ ಫೀ ಸೇರಿದ ಬೆಲೆ ನೋಡಿ, ನನಗೆ ಒಂದರಲ್ಲಿ ಕೊನೆಯ ಪುಟಕ್ಕೆ ಬಂದಾಗ ಊಟದ ದುಡ್ಡು ಅಲ್ಲೇ ಹೋಯಿತು. ಮನೆಯಲ್ಲೇ ನೋಡುವವರಿಗೆ 2026ರಿಂದ ಎಂಎಲ್‌ಎಸ್ ಪಂದ್ಯಗಳು ಆ್ಯಪಲ್ ಟಿವಿ ಚಂದಾದಲ್ಲೇ ಸೇರಿವೆ, ಬೇರೆ ಪಾಸ್ ಬೇಕಿಲ್ಲ. ಜುಲೈ, ಆಗಸ್ಟ್‌ನಲ್ಲಿ ಸಂಜೆ ಏಳೂವರೆಗೂ ಬೆಂಚು ಕಾದ ಕಾವಲಿಯ ಹಾಗಿರುತ್ತದೆ, ಮಾರ್ಚ್, ಏಪ್ರಿಲ್ ಒಳ್ಳೆಯದು. 2027ರಿಂದ ಲೀಗ್ ತನ್ನ ಕ್ಯಾಲೆಂಡರನ್ನು ಯುರೋಪಿನ ಹಾಗೆ ಜುಲೈನಿಂದ ಮರುವರ್ಷದ ಮೇವರೆಗೆ ಬದಲಾಯಿಸುತ್ತಿದೆ, ಆಗ ಬಿಸಿಲಿನ ಮ್ಯಾಚ್ ಸ್ವಲ್ಪ ಕಡಿಮೆಯಾಗಬಹುದು. ಮುಂದಿನ ಸೀಸನ್‌ಗೂ ನಾನು ತಗೊಳ್ಳುತ್ತಿದ್ದೇನೆ, ಎರಡೇ ಸೀಟು, ನನಗೆ ಮತ್ತು ಮಗನಿಗೆ. ಹೆಂಡತಿ ಬಿಸಿಲು ಇಳಿದ ಮೇಲೆ ಕರೆಯಿರಿ ಅಂದಿದ್ದಾಳೆ.