ಬ್ರೌಸರ್ ಹಟ ಹಿಡಿದರೆ: ಕ್ಯಾಶ್ ಅಳಿಸುವುದಾ, ರೀಸೆಟ್ ಮಾಡುವುದಾ, ಕಿತ್ತು ಮತ್ತೆ ಹಾಕುವುದಾ?

ಮನೆ ಕಂಪ್ಯೂಟರಿನಲ್ಲಿ ಬ್ರೌಸರ್ ತೊಂದರೆ ಕೊಟ್ಟರೆ ಮಂಗಳೂರಿನಲ್ಲಿ ಸಿಗುವ ಸಲಹೆ ಹೆಚ್ಚು ಕಡಿಮೆ ಮೂರೇ. "ಕ್ಯಾಶ್ ಕ್ಲಿಯರ್ ಮಾಡಿ." (ಕ್ಯಾಶ್ ಅಂದರೆ ಸೈಟುಗಳು ಬೇಗ ತೆರೆಯಲಿ ಅಂತ ಬ್ರೌಸರ್ ಕಂಪ್ಯೂಟರಿನಲ್ಲಿ ಉಳಿಸಿಟ್ಟುಕೊಳ್ಳುವ ಪ್ರತಿಗಳು.) "ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ." "ಅದನ್ನು ಬಿಡಿ ಮಾರಾಯ್ರೆ, ಬೇರೆ ಬ್ರೌಸರ್ ಹಾಕಿ." ಅಂಗಡಿಗೆ ಒಯ್ದರೆ ನಾಲ್ಕನೆಯದೂ ಸಿಗುತ್ತದೆ: ಫಾರ್ಮ್ಯಾಟ್, ಅಂದರೆ ಎಲ್ಲ ಅಳಿಸಿ ವಿಂಡೋಸನ್ನೇ ಹೊಸದಾಗಿ ಹಾಕುವುದು. ಕುಲಶೇಖರದ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಉಂಟು. ಒಂದು 4 ಜಿಬಿ ರ‍್ಯಾಮ್ ಇರುವ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10. ಇನ್ನೊಂದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಇವೆರಡರಲ್ಲೂ, ಅಕ್ಕಪಕ್ಕದ ಮನೆಯವರು ಕರೆದಾಗ ಅವರ ಕಂಪ್ಯೂಟರಿನಲ್ಲೂ, ಈ ಮದ್ದುಗಳನ್ನು ಒಂದಕ್ಕೊಂದು ಎದುರಿಟ್ಟು ನೋಡಿದ್ದೇನೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಏನನ್ನೂ ಅಳಿಸದೆ ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡುವ ದಾರಿಗಳಿವೆ, ಮೊದಲು ಅವೇ ಆಗಬೇಕು. ಕಿತ್ತು ಮತ್ತೆ ಹಾಕುವುದು ಕಟ್ಟಕಡೆಗೆ, ಅದೂ ಬೇಕಾಗುವುದು ಅಪರೂಪ.

ಒಂದು ಸೈಟು ಅರ್ಧ ತೆರೆದು ನಿಂತಿದೆ, ಅಥವಾ ಲಾಗಿನ್ ಆದರೂ ಮತ್ತೆ ಲಾಗಿನ್ ಪುಟಕ್ಕೇ ಬರುತ್ತಿದೆ ಅಂತಿಟ್ಟುಕೊಳ್ಳಿ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ, "ಆಲ್ ಟೈಮ್" ಆರಿಸಿ, ಕಂಡದ್ದಕ್ಕೆಲ್ಲ ಟಿಕ್ ಹಾಕಿ ಅಳಿಸುವವರೇ ಜಾಸ್ತಿ. ಸೈಟು ಸರಿಯಾಗಬಹುದು. ಆದರೆ ಕುಕೀಸ್ (ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಸಣ್ಣ ಗುರುತುಗಳು) ಹೋದರೆ ಎಲ್ಲ ಕಡೆಯಿಂದ ಲಾಗೌಟ್. ಪಾಸ್‌ವರ್ಡ್ ಸಾಲಿಗೂ ಟಿಕ್ ಬಿದ್ದಿದ್ದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹೋದವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಮ್ಮನ ಈಮೇಲ್‌ಗೆ ಕೊಟ್ಟ ಫೋನ್ ನಂಬರು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗನದ್ದು. ಒಟಿಪಿ ಅವನಿಗೆ ಹೋಗುತ್ತದೆ. ಅವನು ಡ್ಯೂಟಿಯಲ್ಲಿದ್ದರೆ ಸಂಜೆಯವರೆಗೆ ಇಲ್ಲಿ ಯಾವ ಕೆಲಸವೂ ಇಲ್ಲ. ಒಂದು ಸೈಟಿನ ತೊಂದರೆಗೆ ಇಷ್ಟು ಬೆಲೆ ಯಾಕೆ ಕೊಡಬೇಕು ಹೇಳಿ.

ಅದರ ಬದಲು ಅದೇ ಸೈಟನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಕ್ರೋಮ್, ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ. ಈ ಕಿಟಕಿಗೆ ಹಳೇ ಕುಕೀಸ್ ಗೊತ್ತಿಲ್ಲ, ಹಳೇ ಕ್ಯಾಶ್ ಗೊತ್ತಿಲ್ಲ. ನೀವಾಗಿ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳು) ಇಲ್ಲಿ ಕೆಲಸ ಮಾಡುವುದಿಲ್ಲ. ಇಲ್ಲಿ ಸೈಟು ಚೆನ್ನಾಗಿ ತೆರೆದರೆ ತಪ್ಪು ಇಂಟರ್ನೆಟ್ಟಿನದ್ದಲ್ಲ, ಸೈಟಿನದ್ದೂ ಅಲ್ಲ. ನಿಮ್ಮ ಬ್ರೌಸರಿನೊಳಗೆ ಕೂತಿರುವ ಯಾವುದೋ ಹಳೇ ವಸ್ತುವಿನದ್ದು. ಇಲ್ಲೂ ತೆರೆಯದಿದ್ದರೆ ಕ್ಯಾಶ್ ಅಳಿಸಿ ಪ್ರಯೋಜನವೇ ಇಲ್ಲ. ಏನನ್ನೂ ಕಳೆದುಕೊಳ್ಳದೆ ಇಷ್ಟು ತಿಳಿಯುತ್ತದಲ್ವಾ, ಅದಕ್ಕೇ ನನಗೆ ಈ ಪರೀಕ್ಷೆ ಎಲ್ಲಕ್ಕಿಂತ ಇಷ್ಟ.

ತಪ್ಪು ಒಳಗಿನದ್ದೇ ಅಂತ ಗೊತ್ತಾದ ಮೇಲೂ ಎಲ್ಲವನ್ನೂ ಅಳಿಸಬೇಕಾಗಿಲ್ಲ. ಮೊದಲು ಕಂಟ್ರೋಲ್ ಮತ್ತು ಎಫ್5. ಇದು ಕ್ಯಾಶ್ ಬದಿಗಿಟ್ಟು ಪುಟವನ್ನು ಹೊಸದಾಗಿ ತರಿಸುತ್ತದೆ. ಆಗದಿದ್ದರೆ ಆ ಒಂದು ಸೈಟಿನ ಕುಕೀಸ್ ಮಾತ್ರ ತೆಗೆಯಿರಿ. ಫೈರ್‌ಫಾಕ್ಸ್‌ನಲ್ಲಿ ಇದು ತುಂಬ ಸುಲಭ. ವಿಳಾಸದ ಎಡಕ್ಕಿರುವ ಬೀಗದ ಗುರುತು ಒತ್ತಿದರೆ ಕುಕೀಸ್ ಅಳಿಸುವ ಸಾಲು ಅಲ್ಲೇ ಇರುತ್ತದೆ. ಕ್ರೋಮ್‌ನಲ್ಲಿ 2023ರಿಂದ ಬೀಗದ ಗುರುತೇ ಇಲ್ಲ, ಅದರ ಜಾಗಕ್ಕೆ ಎರಡು ಗೆರೆ, ಎರಡು ಚುಕ್ಕಿಯ ಗುರುತು ಬಂದಿದೆ. ಅದನ್ನು ಒತ್ತಿ, ಕುಕೀಸ್ ಅನ್ನುವಲ್ಲಿ ಹೋಗಿ, ಒಳಗಿನ ಪಟ್ಟಿಯಲ್ಲಿ ಕಸದ ಬುಟ್ಟಿ ಒತ್ತಬೇಕು. ವಯಸ್ಸಾದವರಿಗೆ ಫೋನಿನಲ್ಲಿ ಹೇಳಿಕೊಡುವಾಗ ಈ ಎರಡು ಹೆಜ್ಜೆಯ ವ್ಯತ್ಯಾಸವೇ ದೊಡ್ಡದು.

ಎಕ್ಸ್‌ಟೆನ್ಷನ್ ವಿಷಯದಲ್ಲೂ ಫೈರ್‌ಫಾಕ್ಸ್‌ಗೇ ನನ್ನ ಮತ. ಅದರ ಸಹಾಯ ಮೆನುವಿನಲ್ಲಿ "ಟ್ರಬಲ್‌ಶೂಟ್ ಮೋಡ್" ಉಂಟು. ಒಂದೇ ಏಟಿಗೆ ಎಲ್ಲ ಎಕ್ಸ್‌ಟೆನ್ಷನ್, ಥೀಮ್, ಗ್ರಾಫಿಕ್ಸ್ ವೇಗವರ್ಧನೆ (ಚಿತ್ರ, ವಿಡಿಯೊ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವುದು) ಎಲ್ಲವನ್ನೂ ನಿಲ್ಲಿಸಿ ತೆರೆದುಕೊಳ್ಳುತ್ತದೆ. ಮುಚ್ಚಿ ಮತ್ತೆ ತೆರೆದರೆ ಎಲ್ಲ ಮೊದಲಿನಂತೆ. ಕ್ರೋಮ್‌ನ ಮೆನುವಿನಲ್ಲಿ ಇಂಥ ಒಂದೇ ಗುಂಡಿ ಇಲ್ಲ. ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ಕಿಟಕಿ ತೆರೆಯಬಹುದು, ಅದರಲ್ಲಿ ಎಕ್ಸ್‌ಟೆನ್ಷನ್ ಇರುವುದಿಲ್ಲ. ಯಾವ ಎಕ್ಸ್‌ಟೆನ್ಷನ್ ತಪ್ಪಿತಸ್ಥ ಅಂತ ಹುಡುಕಲು ಅರ್ಧದಷ್ಟನ್ನು ಆಫ್ ಮಾಡಿ ನೋಡಿ. ಸರಿಯಾದರೆ ತಪ್ಪು ಆ ಅರ್ಧದಲ್ಲಿದೆ. ಮತ್ತೆ ಅದನ್ನು ಅರ್ಧ ಮಾಡಿ. ಒಂದೊಂದಾಗಿ ಆಫ್ ಮಾಡುತ್ತಾ ಹೋಗುವುದಕ್ಕಿಂತ ಇದು ಬೇಗ. ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದದ್ದು ಪಿಡಿಎಫ್ ಬದಲಿಸಿಕೊಡುತ್ತೇವೆ, ಕೂಪನ್ ಹುಡುಕಿಕೊಡುತ್ತೇವೆ ಅಂತ ಒಳಗೆ ಬಂದವು.

ಇನ್ನು ರೀಸೆಟ್ ಮತ್ತು ಕಿತ್ತು ಮತ್ತೆ ಹಾಕುವುದು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಜನರ ಸಮಯ ಅತಿ ಹೆಚ್ಚು ಹಾಳಾಗುವುದು ಇಲ್ಲೇ.

ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಪ್ರೋಗ್ರಾಂ ಮಾತ್ರ. ನಿಮ್ಮ ಬುಕ್‌ಮಾರ್ಕ್, ಕುಕೀಸ್, ಎಕ್ಸ್‌ಟೆನ್ಷನ್, ಬದಲಾದ ಹೋಮ್‌ಪೇಜ್ ಎಲ್ಲ ಇರುವುದು ಪ್ರೊಫೈಲ್ ಎಂಬ ಬೇರೆ ಫೋಲ್ಡರಿನಲ್ಲಿ. ಕಿತ್ತು ಹಾಕುವಾಗ "ಬ್ರೌಸಿಂಗ್ ಡೇಟಾ ಕೂಡ ಅಳಿಸಿ" ಅನ್ನುವ ಚೌಕಕ್ಕೆ ಟಿಕ್ ಹಾಕದಿದ್ದರೆ ಆ ಫೋಲ್ಡರು ಹಾಗೇ ಉಳಿಯುತ್ತದೆ. ಹೊಸ ಕ್ರೋಮ್ ಬಂದು ಅದನ್ನೇ ಎತ್ತಿಕೊಳ್ಳುತ್ತದೆ. ಬಾಗಿಲು ಹೊಸದು ಇಟ್ಟ ಮಾತ್ರಕ್ಕೆ ಒಳಗಿದ್ದ ಇಲಿ ಹೊರಗೆ ಹೋಗುತ್ತದಾ? ಟಿಕ್ ಹಾಕಿ ಅಳಿಸಿದರೂ ಸಿಂಕ್ (ಸೆಟ್ಟಿಂಗ್, ಎಕ್ಸ್‌ಟೆನ್ಷನ್ ಇತ್ಯಾದಿಯ ಪ್ರತಿಯನ್ನು ನಿಮ್ಮ ಅಕೌಂಟಿನಲ್ಲಿ ಇಡುವುದು) ಆನ್ ಇದ್ದರೆ, ಲಾಗಿನ್ ಆದ ಕೂಡಲೇ ಅದೇ ಎಕ್ಸ್‌ಟೆನ್ಷನ್ ಅಕೌಂಟಿನಿಂದ ಇಳಿದು ಬರುತ್ತದೆ. "ಎರಡು ಸಲ ತೆಗೆದು ಹಾಕಿಸಿದೆವು, ಆದರೂ ಹುಡುಕಾಟ ಬೇರೆ ಎಲ್ಲಿಗೋ ಹೋಗುತ್ತದೆ" ಅಂತ ಹೇಳುವವರ ಮನೆಯಲ್ಲಿ ನಡೆದಿರುವುದು ಹೆಚ್ಚಾಗಿ ಇದೇ.

ರೀಸೆಟ್ ಹಾಗಲ್ಲ. ಅದು ಪ್ರೊಫೈಲಿಗೇ ಕೈ ಹಾಕುತ್ತದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿ "ರೀಸೆಟ್ ಸೆಟ್ಟಿಂಗ್ಸ್" ಉಂಟು. ಹುಡುಕಾಟದ ಎಂಜಿನ್, ತೆರೆದಾಗ ಬರುವ ಪುಟ, ಪಿನ್ ಮಾಡಿದ ಟ್ಯಾಬ್ ಎಲ್ಲ ಮೊದಲಿನ ಸ್ಥಿತಿಗೆ ಬರುತ್ತವೆ. ಕುಕೀಸ್ ಹೋಗುತ್ತವೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ. ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ, ಅಳಿಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ "ರಿಫ್ರೆಶ್" ಎನ್ನುತ್ತಾರೆ. ಅದು ಎಕ್ಸ್‌ಟೆನ್ಷನ್‌ಗಳನ್ನು ಪೂರ್ತಿ ತೆಗೆದು, ಹೊಸ ಪ್ರೊಫೈಲ್ ಮಾಡಿ, ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ ಜೊತೆಗೆ ಕುಕೀಸನ್ನೂ ಆಚೆಗೆ ದಾಟಿಸುತ್ತದೆ. ಹಾಗಾಗಿ ಹೆಚ್ಚಿನ ಲಾಗಿನ್‌ಗಳು ಉಳಿಯುತ್ತವೆ. ಹಳೆಯದನ್ನು ಒಂದು ಫೋಲ್ಡರಿನಲ್ಲಿ ಹಾಕಿ ಡೆಸ್ಕ್‌ಟಾಪಿನ ಮೇಲೆ ಇಡುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ಅಲ್ಲಿ ಸಿಗುತ್ತದೆ. ಈ ಧೈರ್ಯ ನನಗೆ ಬೇರೆ ಎರಡರಲ್ಲಿ ಸಿಗಲಿಲ್ಲ. ಎಡ್ಜ್‌ನಲ್ಲೂ ಕ್ರೋಮ್‌ನಂಥದೇ ರೀಸೆಟ್ ಇದೆ, ಜೊತೆಗೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ "ರಿಪೇರ್" ಅಂತ ಇನ್ನೊಂದು. ಅದು ಪ್ರೋಗ್ರಾಂ ಮಾತ್ರ ಹೊಸದಾಗಿ ಇಳಿಸಿಕೊಳ್ಳುತ್ತದೆ, ನಿಮ್ಮ ಡೇಟಾ ಮುಟ್ಟುವುದಿಲ್ಲ. ಎಡ್ಜ್ ತೆರೆಯುವುದೇ ಇಲ್ಲ, ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ ಅನ್ನುವಾಗ ಒಳ್ಳೆಯದು. ಹೋಮ್‌ಪೇಜ್ ಬದಲಾದ ತೊಂದರೆಗೆ ಅದರಿಂದ ಉಪಯೋಗವಿಲ್ಲ.

ರೀಸೆಟ್‌ಗಿಂತ ಮೊದಲು ಹೊಸ ಪ್ರೊಫೈಲ್ ಒಂದನ್ನು ಮಾಡಿ ನೋಡಿ ಅನ್ನುತ್ತೇನೆ. ಹಳೆಯದು ಇದ್ದ ಹಾಗೇ ಇರುತ್ತದೆ. ಹೊಸದರಲ್ಲಿ ತೊಂದರೆ ಇಲ್ಲದಿದ್ದರೆ ರೋಗ ಎಲ್ಲಿ ಅಂತ ಗೊತ್ತಾಯಿತು. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವ ಕಡೆ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್ ಇರುವುದೇ ವಾಸಿ.

ನಿಧಾನದ ವಿಷಯಕ್ಕೆ ಬಂದರೆ, ಬ್ರೌಸರ್ ಬದಲಿಸುವುದರಿಂದ ನಮ್ಮ 4 ಜಿಬಿ ಡೆಸ್ಕ್‌ಟಾಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅದೇ ಟ್ಯಾಬ್‌ಗಳನ್ನು ಯಾವುದರಲ್ಲಿ ತೆರೆದರೂ ಮೆಮೊರಿ ತಿನ್ನುವುದು ಸೈಟುಗಳೇ. ಕ್ರೋಮ್, ಎಡ್ಜ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ಸುಮ್ನೆ ಎಲ್ಲ ಮುಚ್ಚುವುದಕ್ಕಿಂತ ಅದರಲ್ಲಿ ಅತಿ ಹೆಚ್ಚು ತಿನ್ನುವ ಒಂದೆರಡು ಟ್ಯಾಬ್ ಮುಚ್ಚಿ. ಕ್ರೋಮ್‌ನ ಮೆಮೊರಿ ಸೇವರ್, ಎಡ್ಜ್‌ನ ಸ್ಲೀಪಿಂಗ್ ಟ್ಯಾಬ್ಸ್ ಎರಡೂ ನೋಡದೆ ಬಿಟ್ಟ ಟ್ಯಾಬ್‌ಗಳನ್ನು ಮಲಗಿಸುತ್ತವೆ. ಎರಡೂ ಒಳ್ಳೆಯವೇ. ಆದರೆ ನಮ್ಮ ಡೆಸ್ಕ್‌ಟಾಪಿಗೆ ನಿಜವಾದ ಜೀವ ಬಂದದ್ದು ಹಾರ್ಡ್ ಡಿಸ್ಕ್ ತೆಗೆದು, ಅದೇ ಕೆಲಸ ಬಹಳ ಬೇಗ ಮಾಡುವ ಎಸ್‌ಎಸ್‌ಡಿ ಹಾಕಿಸಿದ ಮೇಲೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ 100% ತೋರಿಸುತ್ತಿದ್ದರೆ ಬ್ರೌಸರನ್ನು ಬೈಯಬೇಡಿ.

ಈಗ ನನಗೆ ಬಹಳ ಬೇಸರ ಕೊಡುವ ವಿಷಯ. ಪಕ್ಕದ ಮನೆಯ ಮಾವ ಫೋನ್ ಮಾಡಿ, "ಕಂಪ್ಯೂಟರಿಗೆ ವೈರಸ್ ಬಂತು ಮಾರಾಯ, ಮೂಲೆಯಲ್ಲಿ ಕೆಂಪು ಪೆಟ್ಟಿಗೆ ಬರ್ತಾ ಉಂಟು" ಅಂದಿದ್ದರು. ಪರದೆಯ ಬಲಗಡೆ ಕೆಳಗೆ ಒಂದರ ಹಿಂದೆ ಒಂದು ಎಚ್ಚರಿಕೆ. ಹೆಚ್ಚಿನ ಸಲ ಇದು ವೈರಸ್ ಅಲ್ಲ. ಯಾವುದೋ ಸೈಟು "ನೋಟಿಫಿಕೇಷನ್ ಕಳಿಸಲಾ?" ಅಂತ ಕೇಳಿದಾಗ "ಅಲೋ" ಒತ್ತಿದ್ದರ ಫಲ. ಇದಕ್ಕೆ ಜನ ಮಾಡುವುದು ಎರಡು: ಕ್ಲೀನರ್ ಸಾಫ್ಟ್‌ವೇರ್ ಹಾಕುವುದು, ಇಲ್ಲವೇ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವುದು. ಕ್ಲೀನರ್ ಹಾಕಿ ನೋಡಿದೆ, ಎಚ್ಚರಿಕೆ ನಿಲ್ಲಲಿಲ್ಲ. ಅದು ಹುಡುಕುವುದು ಫೈಲುಗಳನ್ನು, ಇದು ನೀವೇ ಕೊಟ್ಟ ಅನುಮತಿ. ಕ್ರೋಮ್‌ನಲ್ಲಿ ಹೋಗಬೇಕಾದ ದಾರಿ: ಸೆಟ್ಟಿಂಗ್ಸ್, ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿಯಿಂದ ಗುರುತಿಲ್ಲದವನ್ನು ತೆಗೆದರೆ ಅಲ್ಲೇ ನಿಲ್ಲುತ್ತದೆ. ಇನ್ನು ಮುಂದೆ ಯಾವ ಸೈಟೂ ಕೇಳದ ಹಾಗೆ ಮಾಡುವ ಆಯ್ಕೆಯೂ ಅದೇ ಪುಟದಲ್ಲಿದೆ. ಹಿರಿಯರ ಕಂಪ್ಯೂಟರಿನಲ್ಲಿ ಇದನ್ನು ಇವತ್ತೇ ಮಾಡಿಟ್ಟುಬಿಡಿ. ಆ ಎಚ್ಚರಿಕೆಯಲ್ಲಿರುವ ನಂಬರಿಗೆ ಮಾತ್ರ ಯಾರೂ ಫೋನ್ ಮಾಡಬಾರದು. ಮಾಡಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ.

ನಮ್ಮ ಊರಿಗೇ ಹೊಂದುವ ಇನ್ನೊಂದು ತೊಂದರೆ ಉಂಟು. ಗುಡುಗು ಶುರುವಾದ ಕೂಡಲೇ ನಾವೆಲ್ಲ ಕಂಪ್ಯೂಟರಿನ ಪ್ಲಗ್ ಕಿತ್ತಿಡುತ್ತೇವೆ, ಅದು ಸರಿಯೇ. ಪ್ಲಗ್ ಕಿತ್ತ ಮೇಲೆ ಡೆಸ್ಕ್‌ಟಾಪಿನ ಗಡಿಯಾರ ನಡೆಯುವುದು ಮದರ್‌ಬೋರ್ಡಿನಲ್ಲಿರುವ ಸಣ್ಣ ಬ್ಯಾಟರಿಯಿಂದ. ಅದು ಮುಗಿದಿದ್ದರೆ ಮತ್ತೆ ಆನ್ ಮಾಡುವಾಗ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಇರುವುದರಿಂದ ಬ್ರೌಸರ್ ಅದನ್ನು ನಂಬದೆ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಎನ್ನುತ್ತದೆ. "ಅಡ್ವಾನ್ಸ್ಡ್" ಒತ್ತಿ ಮುಂದೆ ಹೋಗಿ ಅಂತ ಹೇಳಿಕೊಡುವವರಿದ್ದಾರೆ. ಬೇಡ, ಬ್ಯಾಂಕಿನ ಸೈಟಿನಲ್ಲಂತೂ ಬೇಡವೇ ಬೇಡ. ಮೊದಲು ತಾರೀಕು, ಸಮಯ ನೋಡಿ. ಸರಿ ಮಾಡಿದ ಮೇಲೂ ಮಾರನೇ ದಿನ ತಪ್ಪುತ್ತಿದ್ದರೆ ಬ್ಯಾಟರಿ ಬದಲಿಸಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಸಿಆರ್2032, 3 ವೋಲ್ಟಿನ ನಾಣ್ಯದಂಥ ಬ್ಯಾಟರಿ. ಹಂಪನಕಟ್ಟೆಯಲ್ಲಿ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಹಾಕುವಾಗ ಪ್ಲಗ್ ಕಿತ್ತಿರಬೇಕು.

ಯಾವ ಸೈಟೂ ತೆರೆಯದಿದ್ದರೆ ಬ್ರೌಸರಿಗೆ ಕೈ ಹಾಕುವ ಮೊದಲು ರೌಟರ್ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿದ್ದರೆ ಕೇಬಲಿನಲ್ಲಿ ಬೆಳಕೇ ಬರುತ್ತಿಲ್ಲ. ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ತುಂಡಾಗಿರುತ್ತದೆ. ದೀಪ ಸರಿಯಿದ್ದು, ಮೊಬೈಲ್ ಡೇಟಾದಲ್ಲಿ ತೆರೆಯುವ ಸೈಟು ಇಲ್ಲಿ ತೆರೆಯದಿದ್ದರೆ ರೌಟರ್ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಡಿಎನ್‌ಎಸ್ ಬದಲಿಸಿ, ಅಂದರೆ ಸೈಟಿನ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ. ಕ್ಲೌಡ್‌ಫ್ಲೇರ್‌ನ 1.1.1.1 ಮತ್ತು ಗೂಗಲ್‌ನ 8.8.8.8 ಎರಡನ್ನೂ ಹಾಕಿ ನೋಡಿದ್ದೇನೆ, ದಿನನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರೌಸರಿನ "ಸೆಕ್ಯೂರ್ ಡಿಎನ್‌ಎಸ್" ಸೆಟ್ಟಿಂಗಿನಲ್ಲಿ ಬದಲಿಸುವುದು ಸುಲಭ, ವಿಂಡೋಸ್ ಮುಟ್ಟಬೇಕಾಗಿಲ್ಲ. ಸೈಟೇ 503 ಅಂತ ತೋರಿಸಿದರೆ ಅದು ಆ ಕಡೆಯ ಸರ್ವರಿನ ತೊಂದರೆ. ರಿಸಲ್ಟ್ ದಿನ ಇದು ಸಾಮಾನ್ಯ, ಕಾಯುವುದೇ ದಾರಿ.

ವಿಡಿಯೊ ಕಪ್ಪಾಗುವುದು, ಪುಟ ಮಿಣುಕುವುದು ಇದ್ದರೆ ಕ್ರೋಮ್, ಎಡ್ಜ್‌ನಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ವೇಗವರ್ಧನೆ ಆಫ್ ಮಾಡಿ ನೋಡಿ. ಅದರಿಂದ ಸರಿಯಾದರೆ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಹೊಸದು ಹಾಕಿ ಮತ್ತೆ ಆನ್ ಮಾಡಿ. ಆಫ್ ಇಟ್ಟೇ ಬಿಟ್ಟರೆ ಹಳೇ ಕಂಪ್ಯೂಟರಿನಲ್ಲಿ ವಿಡಿಯೊ ತಡವರಿಸುತ್ತದೆ.

ಇನ್ನೂ ವಿಂಡೋಸ್ 7 ಇಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದರ ಮೇಲೆ ನಡೆಯುವ ಕೊನೆಯ ಕ್ರೋಮ್ 109. 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಮುಂದಿನದು ಅದಕ್ಕೆ ಸಿಗುವುದಿಲ್ಲ. ಹೊಸ ಸೈಟುಗಳು ಅಲ್ಲಿ ಮುರಿದು ಕಾಣುವುದು ಕ್ಯಾಶ್ ದೋಷವಲ್ಲ, ಎಷ್ಟು ಅಳಿಸಿದರೂ ಹೋಗುವುದಿಲ್ಲ. ಫೈರ್‌ಫಾಕ್ಸ್ 115ರ ದೀರ್ಘ ಬೆಂಬಲದ ಆವೃತ್ತಿ ಅದರ ಮೇಲೂ ನಡೆಯುತ್ತದೆ. ಪೇಪರ್ ಓದಲು, ಯಕ್ಷಗಾನದ ವಿಡಿಯೊ ನೋಡಲು ಅಷ್ಟು ಸಾಕು. ಬ್ಯಾಂಕ್ ಕೆಲಸ ಮಾತ್ರ ಆ ಕಂಪ್ಯೂಟರಿನಲ್ಲಿ ಮಾಡಬೇಡಿ.