ಟೂರಿಸ್ಟ್ ಸಿಟಿಲಿ ಮನೆ: ಮೂರು ಕಡೆ ಇದ್ದು ನೋಡಿದ ಮೇಲೆ ನನ್ನ ಹೋಲಿಕೆ

ಪ್ರವಾಸಿಗರನ್ನೇ ನಂಬ್ಕೊಂಡು ನಡೆಯೋ ಊರಿಗೆ ಬಂದು ಇದು ನನಗೆ 9ನೇ ವರ್ಷ. ಮೊದಲ 14 ತಿಂಗಳು ಹಳೇ ಪೇಟೆ ಒಳಗೆ, ಎಲ್ಲರೂ ಬಂದು ಫೋಟೋ ತೆಗೆಯೋ ಬೀದಿಲೇ ಬಾಡಿಗೆಗಿದ್ದೆ. ಆಮೇಲೆ ಸಾಲ ಮಾಡಿ ಅರ್ಧ ಹೋಟೆಲ್ ಅರ್ಧ ಅಪಾರ್ಟ್‌ಮೆಂಟ್ ಥರದ ಒಂದು ಟವರಲ್ಲಿ ಫ್ಲ್ಯಾಟ್ ತಗೊಂಡೆ. ಅದನ್ನ 2 ವರ್ಷ ಟವರ್ ನಡೆಸೋ ಕಂಪನಿಯವರ ಕೈಗೆ ಬಾಡಿಗೆಗೆ ಕೊಟ್ಟು ನಾನು ಊರಾಚೆ ಬೇರೆ ಮನೇಲಿದ್ದೆ, ಮುಂದಿನ 2 ವರ್ಷ ನಾನೇ ಹೋಗಿ ಅದ್ರಲ್ಲಿದ್ದೆ, ಕೊನೆಗೆ ಮಾರ್ದೆ. ಈಗ ಬಸ್ಸಲ್ಲಿ 25 ನಿಮಿಷ ದೂರದ, ಯಾವ ಗೈಡೂ ತೋರ್ಸದ ಬಡಾವಣೆಲಿ ಸ್ವಂತ ಮನೆ. ಮನೆ ತಗೊಳ್ಬೇಕು ಅಂತಿರೋರು ನನ್ನ ಕೇಳಿದ್ರೆ ಮೊದಲೇ ಹೇಳ್ಬಿಡ್ತೀನಿ: ಇರೋದಕ್ಕಾದ್ರೆ ಮೂರನೇದು, ಊರು ಅರ್ಥ ಮಾಡ್ಕೊಳ್ಳೋದಕ್ಕೆ ಮೊದಲನೇದು, ಎರಡನೇದನ್ನ ನಾನಂತೂ ಮತ್ತೆ ಮುಟ್ಟಲ್ಲ.

ಹಳೇ ಪೇಟೆ ವಿಷಯ ಹೇಳ್ತೀನಿ. ಅಲ್ಲಿ ಗಲಾಟೆ ಅಂದ್ರೆ ರಾತ್ರಿ ಪಾರ್ಟಿ ಅಂತ ಎಲ್ಲರೂ ಅಂದ್ಕೋತಾರೆ, ಆದ್ರೆ ನನ್ನ ನಿದ್ದೆ ಹಾಳು ಮಾಡಿದ್ದು ಬೆಳಗಿನ ಜಾವ 4 ಗಂಟೆಗೆ ಕಲ್ಲುಹಾಸಿನ ಮೇಲೆ ಉರುಳೋ ಸೂಟ್‌ಕೇಸ್ ಚಕ್ರ. ಬೆಳಗ್ಗಿನ ಫ್ಲೈಟ್ ಹಿಡಿಯೋರು ದಿನಾ ಇರ್ತಾರೆ, ಅವರಿಗದು ರಜೆಯ ಕೊನೇ ದಿನ, ನಮಗೆ ಕೆಲಸಕ್ಕೆ ಹೋಗೋ ಸೋಮವಾರ. ನಲ್ಲಿಗೆ ಒಂದು ವಾಷರ್ ಬೇಕಾದ್ರೆ ಎರಡು ಬಸ್ ಬದಲಾಯಿಸ್ಬೇಕಿತ್ತು, ಯಾಕಂದ್ರೆ ಬೀದಿ ಪೂರ್ತಿ ನೆನಪಿನ ಕಾಣಿಕೆ ಮಾರೋ ಅಂಗಡಿ, ಹಾರ್ಡ್‌ವೇರ್, ಹೊಲಿಗೆ, ಚಪ್ಪಲಿ ರಿಪೇರಿ ಒಂದೂ ಉಳಿದಿರ್ಲಿಲ್ಲ. ಊರಿನ ಜನ ಖಾಲಿಯಾದ ಹಾಗೆ ಅವರಿಗೆ ಬೇಕಾದ ಅಂಗಡಿಗಳೂ ಖಾಲಿ ಆಗ್ತವೆ. ವೆನಿಸ್ ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ: 1951ರಲ್ಲಿ ಅಲ್ಲಿನ ಹಳೇ ನಗರಭಾಗದಲ್ಲಿ ಸುಮಾರು 1,75,000 ಜನ ವಾಸ ಇದ್ರು, 2022ಕ್ಕೆ 50,000ಕ್ಕಿಂತ ಕೆಳಗಿಳೀತು. ನಾನಿದ್ದ ಬೀದಿ ಅಷ್ಟು ದೊಡ್ಡ ಕಥೆ ಅಲ್ಲ, ಆದ್ರೆ ದಿಕ್ಕು ಅದೇ.

ಆದ್ರೂ ಆ 14 ತಿಂಗಳ ಬಗ್ಗೆ ನನಗೆ ಬೇಜಾರಿಲ್ಲ. ಒಂದು ಪೂರ್ತಿ ಸೀಸನ್, ಒಂದು ಪೂರ್ತಿ ಆಫ್ ಸೀಸನ್ ಕಣ್ಣಾರೆ ನೋಡ್ದೆ. ಯಾವ ರಸ್ತೆ ಶನಿವಾರ ಸಂಜೆ ಆಂಬುಲೆನ್ಸ್ ಕೂಡ ಹೋಗದ ಹಾಗೆ ಕಟ್ಕೊಳ್ಳುತ್ತೆ, ಯಾವ ಭಾಗಕ್ಕೆ ಸೀಸನ್‌ನಲ್ಲಿ ನೀರು ಮೇಲಿನ ಮಹಡಿಗೆ ಏರಲ್ಲ, ಯಾವ ಮೂಲೆಲಿ ಕಸ ಮೂರು ದಿನ ಕೂತಿರುತ್ತೆ, ಇದನ್ನೆಲ್ಲ ಯಾವ ಏಜೆಂಟೂ ಹೇಳಲ್ಲ, ಅವರು ತೋರ್ಸೋದೇ ಆಫ್ ಸೀಸನ್ ವಾರದ ದಿನ ಬೆಳಗ್ಗೆ. ಬಾಡಿಗೆ ಮುಗಿದದ್ದು ಮಾತ್ರ ಓನರ್ ಇಷ್ಟದಿಂದ. ಎರಡನೇ ಸೀಸನ್ ಶುರುವಾಗ್ತಿದ್ದಂಗೆ ಖಾಲಿ ಮಾಡಿ ಅಂದ್ರು, ನಾನು ತಿಂಗಳಿಗೆ ಕೊಡೋದನ್ನ ಗೆಸ್ಟ್‌ಗಳು ವಾರಕ್ಕೆ ಕೊಡ್ತಿದ್ರಂತೆ. ಇಂಥ ಊರುಗಳಲ್ಲಿ ಇದು ಮಾಮೂಲಿ, ಬಾಡಿಗೆ ಅಗ್ರಿಮೆಂಟಲ್ಲಿ ಮುಗಿಯೋ ತಿಂಗಳು ಯಾವುದು ಅಂತ ಮೊದಲು ನೋಡಿ, ಸೀಸನ್ ಹೊಸ್ತಿಲಲ್ಲಿ ಮುಗಿಯೋ ಹಾಗಿದ್ರೆ ಅದು ಬೇಕಂತಲೇ ಹಾಕಿರೋದು.

ಆ ಸಿಟ್ಟಲ್ಲೇ "ಸ್ವಂತದ್ದು ತಗೊಂಬಿಡೋಣ" ಅಂತ ಟವರ್ ಕಡೆ ಹೋದೆ. 2 ವರ್ಷ ಗೆಸ್ಟ್ ಬಂದ್ರೂ ಬರದಿದ್ರೂ ಗ್ಯಾರಂಟಿ ಬಾಡಿಗೆ, ಆಮೇಲೆ ಬೇಕಿದ್ರೆ ನೀವೇ ಇರಿ ಅಂದ್ರು ಕಂಪನಿಯವರು. ಗ್ಯಾರಂಟಿ ದುಡ್ಡು ಪ್ರತಿ ತಿಂಗಳು ಸರಿಯಾಗೇ ಬಂತು, ಅದರಲ್ಲಿ ಮೋಸ ಇಲ್ಲ. ಆದ್ರೆ ಅದೇ ಅಳತೆಯ ಫ್ಲ್ಯಾಟ್ ಪಕ್ಕದ ಮಾಮೂಲಿ ಬಿಲ್ಡಿಂಗಲ್ಲಿ ಎಷ್ಟಕ್ಕೆ ಮಾರಾಟ ಆಗ್ತಿತ್ತು ಅಂತ ಆಮೇಲೆ ವಿಚಾರಿಸ್ದಾಗ ಗೊತ್ತಾಯ್ತು, ನಾನು ಕೊಟ್ಟ ಹೆಚ್ಚಿನ ದುಡ್ಡನ್ನೇ ಕಂತಲ್ಲಿ ನನಗೆ ವಾಪಸ್ ಕೊಡ್ತಿದ್ರು ಅಂತ. ಗ್ಯಾರಂಟಿ ಮುಗಿದ ಮೇಲೆ ಕಂಟಿನ್ಯೂ ಮಾಡಿದ್ರೆ ಏನು ಸಿಗುತ್ತೆ ಅಂತ ಕೂತು ಲೆಕ್ಕ ಹಾಕ್ದೆ. ವರ್ಷದ 365 ರಾತ್ರಿಲಿ ತುಂಬ್ತಿದ್ದದ್ದು 190. ಬಂದ ಬಾಡಿಗೆಲಿ ನೂರಕ್ಕೆ 25 ಮ್ಯಾನೇಜ್‌ಮೆಂಟ್‌ಗೆ, ಅದರ ಮೇಲೆ ಬುಕಿಂಗ್ ಸೈಟ್ ಕಮಿಷನ್, ಕ್ಲೀನಿಂಗ್, ಬಟ್ಟೆ ಒಗೆಸೋದು, ಕರೆಂಟು, ಮುರಿದ ಕುರ್ಚಿ ಕಪಾಟು, ಮೇಂಟೆನೆನ್ಸ್, ತೆರಿಗೆ, ಇನ್ಶೂರೆನ್ಸ್, ಎಲ್ಲ ಕಳೆದ್ರೆ ಉಳಿದದ್ದು ಇಎಂಐನ ಅರ್ಧಕ್ಕೂ ಸಾಲ್ತಿರ್ಲಿಲ್ಲ. ಬ್ರೋಷರಲ್ಲಿ ಇರೋದು ಯಾವಾಗ್ಲೂ ಖರ್ಚು ಕಳೆಯೋಕ್ ಮುಂಚಿನ ನಂಬರು, ಅದನ್ನ ನೋಡಿ ಯಾರೂ ನಿರ್ಧಾರ ಮಾಡ್ಬೇಡಿ ದಯವಿಟ್ಟು.

ಸರಿ ಅಂತ ನಾನೇ ಹೋಗಿ ಇದ್ದೆ. 96 ಫ್ಲ್ಯಾಟಲ್ಲಿ ವರ್ಷಪೂರ್ತಿ ಇರೋರು 11 ಮನೆ. ಇದೇ ಎಲ್ಲದರ ಮೂಲ ಅಂತ ನನಗೆ ಅನ್ಸೋದು. ಅಸೋಸಿಯೇಷನ್ ಮೀಟಿಂಗಲ್ಲಿ ನಾವು ನೀರಿನ ಪಂಪ್ ಬದಲಾಯಿಸಿ ಅಂದ್ರೆ ಊರಲ್ಲೇ ಇಲ್ಲದ ಓನರ್‌ಗಳು ಪ್ರಾಕ್ಸಿ ವೋಟ್ ಕಳಿಸಿ ಈಜುಕೊಳಕ್ಕೆ ಹೊಸ ಟೈಲ್ಸ್ ಪಾಸ್ ಮಾಡಿಸೋರು, ಅವರ ಮಟ್ಟಿಗೆ ಅದು ಸರಿನೇ, ಗೆಸ್ಟ್ ನೋಡೋದು ಕೊಳ ತಾನೆ. ರಿಪೇರಿಗೆ ಅಂತ ಎತ್ತಿಡೋ ನಿಧಿಲಿ ಏನೂ ಇರ್ಲಿಲ್ಲ. ಆಫ್ ಸೀಸನ್‌ನಲ್ಲಿ ನಮ್ಮ ಫ್ಲೋರ್ ಪೂರ್ತಿಗೆ ದೀಪ ಹಚ್ಚೋದು ನಾನೊಬ್ಬನೇ, ಬೀಗ ಹಾಕಿದ ಫ್ಲ್ಯಾಟುಗಳ ಬಚ್ಚಲ ಟ್ರ್ಯಾಪಲ್ಲಿ, ಅಂದ್ರೆ ವಾಸನೆ ತಡೆಯೋಕೆ ನೀರು ನಿಲ್ಲೋ ಬಾಗಿದ ಪೈಪಲ್ಲಿ, ನೀರು ಒಣಗಿ ಚರಂಡಿ ವಾಸನೆ ಕಾರಿಡಾರಿಗೆ ಬರೋದು. ಅದಕ್ಕೆ ಒಂದು ಬಕೆಟ್ ನೀರು ಸುರಿದ್ರೆ ಸಾಕು, ಆದ್ರೆ ಬೀಗದ ಕೈ ಇರೋರು ಊರಲ್ಲಿಲ್ಲ. ಸೀಸನ್‌ನಲ್ಲಿ ಉಲ್ಟಾ, ಭಾನುವಾರ ಚೆಕ್ ಔಟ್ ಹೊತ್ತಲ್ಲಿ ಲಿಫ್ಟಿಗೆ 20 ನಿಮಿಷ ಕಾಯೋದು, ಪಕ್ಕದ ಬಾಗಿಲಲ್ಲಿ ಪ್ರತಿ ವಾರ ಹೊಸ ಮುಖ. ಎರಡು ವರ್ಷದಲ್ಲಿ ಹೆಸರಿಟ್ಟು ಕರೆಯೋ ಅಷ್ಟು ಪರಿಚಯ ಆದದ್ದು ವಾಚ್‌ಮನ್ ಒಬ್ಬರದ್ದು, ಅದು ನನ್ನನ್ನ ತುಂಬ ಕಾಡ್ತು.

ಮಾರೋದು ಇನ್ನೂ ಕಷ್ಟ ಆಯ್ತು. ಇಂಥ ಹೋಟೆಲ್ ಥರದ ಕಟ್ಟಡಕ್ಕೆ ಮಾಮೂಲಿ ಹೋಮ್ ಲೋನ್ ಸುಲಭಕ್ಕೆ ಸಿಗಲ್ಲ. ಅಮೆರಿಕದಲ್ಲಿ ಬ್ಯಾಂಕುಗಳು ಕೊಟ್ಟ ಹೋಮ್ ಲೋನ್‌ಗಳನ್ನ ಅವರಿಂದ ಕೊಂಡ್ಕೊಳ್ಳೋ ಫ್ಯಾನಿ ಮೇ ಸಂಸ್ಥೆ, ಇಂಥ ಕಾಂಡೋ ಹೋಟೆಲ್ (ಹೋಟೆಲ್ ಥರ ನಡೆಯೋ ಅಪಾರ್ಟ್‌ಮೆಂಟ್) ಸಾಲಗಳನ್ನ ಕೊಂಡ್ಕೊಳ್ಳೋದೇ ಇಲ್ಲ, ಹಾಗಾಗಿ ಅಲ್ಲಿ ಸಾಲ ಕೊಡೋರೂ ಕಮ್ಮಿ. ನನ್ನ ಫ್ಲ್ಯಾಟ್ ನೋಡೋಕ್ ಬಂದವರಲ್ಲಿ ಇಬ್ಬರು ಬ್ಯಾಂಕ್ ಒಪ್ಲಿಲ್ಲ ಅಂತಲೇ ವಾಪಸ್ ಹೋದ್ರು, ಕೊನೆಗೆ ಪೂರ್ತಿ ಕ್ಯಾಶ್ ಇದ್ದವರೊಬ್ಬರು ತಗೊಂಡ್ರು, ತಗೊಂಡ ರೇಟಿಗಿಂತ ಕಮ್ಮಿಗೆ.

ಇನ್ನೊಂದು ಅಪಾಯ ಇದೆ, ಅದು ಕಾನೂನು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ವಂತ ಮನೆನ ವರ್ಷಕ್ಕೆ 30 ರಾತ್ರಿಗಿಂತ ಜಾಸ್ತಿ ಗೆಸ್ಟ್‌ಗಳಿಗೆ ಕೊಡೋ ಹಾಗಿಲ್ಲ ಅಂತ 2019ರಿಂದ ಮಾಡಿದ್ರು. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರಿಂದ ಬಿಗಿ ಮಾಡಿದ್ರು, 30 ದಿನಕ್ಕಿಂತ ಕಮ್ಮಿ ಬಾಡಿಗೆ ಅಂದ್ರೆ ಮನೆಯವರು ಅಲ್ಲೇ ಇರ್ಬೇಕು, ಗೆಸ್ಟ್ ಇಬ್ಬರೇ. ಬಾರ್ಸಿಲೋನಾ ಮೇಯರ್ 2024ರಲ್ಲಿ, ಇರೋ 10,101 ಟೂರಿಸ್ಟ್ ಫ್ಲ್ಯಾಟ್ ಲೈಸೆನ್ಸ್ ಒಂದನ್ನೂ ರಿನ್ಯೂ ಮಾಡಲ್ಲ, 2028ರ ನವೆಂಬರ್ ಒಳಗೆ ಎಲ್ಲ ಮುಗೀಬೇಕು ಅಂತ ಘೋಷಿಸಿದ್ರು. ಇದು ತಪ್ಪು ಅಂತ ನಾನು ಹೇಳ್ತಿಲ್ಲ, ಸರಿ ಅಂತಲೇ ನನ್ನ ಅಭಿಪ್ರಾಯ, ಆದ್ರೆ ಗೆಸ್ಟ್ ಬಾಡಿಗೆ ನಂಬಿ ಸಾಲ ಮಾಡಿದವರ ಲೆಕ್ಕ ಒಂದೇ ದಿನಕ್ಕೆ ಬದಲಾಗ್ಬಹುದು. 2020ರಲ್ಲಿ ಕಾನೂನೂ ಬೇಕಾಗ್ಲಿಲ್ಲ, ಪ್ರಪಂಚದಲ್ಲಿ ದೇಶ ದಾಟಿ ಹೋಗೋ ಪ್ರವಾಸಿಗರು ನೂರಕ್ಕೆ 70ಕ್ಕೂ ಜಾಸ್ತಿ ಕಮ್ಮಿಯಾದ್ರು. ಹಾಗಾಗಿ ಎರಡನೇ ಸಲ ಕೊಳ್ಳುವಾಗ ನಾನು ಹಾಕಿದ್ದು ಒಂದೇ ಲೆಕ್ಕ: ಈ ಮನೆನ ಇಲ್ಲೇ ಕೆಲಸ ಮಾಡೋ ಒಂದು ಸಂಸಾರಕ್ಕೆ ಮಾಮೂಲಿ ತಿಂಗಳ ಬಾಡಿಗೆಗೆ ಕೊಟ್ರೂ ಕಂತು ಕಟ್ಟೋಕಾಗುತ್ತಾ?

ಮೂರನೇ ಜಾಗ ಹೊಸದೇನಲ್ಲ, ಫ್ಲ್ಯಾಟನ್ನ ಕಂಪನಿಗೆ ಕೊಟ್ಟಿದ್ದಾಗ ಬಾಡಿಗೆಗಿದ್ದೆನಲ್ಲ, ಅದೇ ಬಡಾವಣೆ. ಕೊಳ್ಳೋಕ್ ಮುಂಚೆ ಆಫ್ ಸೀಸನ್‌ನ ಒಂದು ಮಂಗಳವಾರ ರಾತ್ರಿ 8 ಗಂಟೆಗೆ ಬೀದಿ ತುದಿಯಿಂದ ತುದಿವರೆಗೆ ನಡೆದು ದೀಪ ಉರೀತಿರೋ ಮನೆ ಎಣಿಸ್ದೆ, 22ರಲ್ಲಿ 19. ಗೆಸ್ಟ್‌ಗಳಿಗೆ ಬೀಗದ ಕೈ ಇಡೋಕೆ ಗೇಟಿಗೆ ಹಾಕಿರ್ತಾರಲ್ಲ, ನಂಬರ್ ಒತ್ತಿ ತೆಗೆಯೋ ಕೀ ಬಾಕ್ಸ್, ಅದು ಎಷ್ಟಿವೆ ಅಂತ ನೋಡ್ದೆ, ಒಂದೂ ಇರ್ಲಿಲ್ಲ. ಸ್ಕೂಲ್ ಬಸ್ ನಿಲ್ಲೋ ಜಾಗ ಇತ್ತು. ನನಗೆ ಅಷ್ಟು ಸಾಕಾಯ್ತು.

ಕಷ್ಟಗಳೂ ಇವೆ, ಮುಚ್ಚಿಡಲ್ಲ. ಊರೊಳಗೆ ಹೋಗೋಕೆ ಇರೋದು ಒಂದೇ ರಸ್ತೆ, ಸೀಸನ್ ವೀಕೆಂಡಲ್ಲಿ 25 ನಿಮಿಷದ ದಾರಿ ಒಂದೂವರೆ ಗಂಟೆ ಆಗುತ್ತೆ. ಸೀಸನ್ ಮುಗಿದ್ರೆ ಬಸ್ ಕಮ್ಮಿ ಮಾಡ್ತಾರೆ. ಹೋಟೆಲ್‌ಗಳಲ್ಲಿ ಕೆಲಸ ಮಾಡೋರೇ ಇಲ್ಲಿ ಜಾಸ್ತಿ, ಕೆಲವರಿಗೆ ವರ್ಷದಲ್ಲಿ 4 ತಿಂಗಳು ಸಂಬಳ ಇಲ್ಲ, ಆಗ ಬೀದಿ ಪೂರ್ತಿ ಕೈ ಬಿಗಿ ಹಿಡಿಯೋದು ಗೊತ್ತಾಗುತ್ತೆ. ಕಿಟಕಿಯಿಂದ ನೋಡೋ ಅಂಥದ್ದು ಏನೂ ಇಲ್ಲ. ಆದ್ರೆ ನಾನು ಜ್ವರ ಬಂದು ಮಲಗಿದ್ದಾಗ ಎದುರು ಮನೆ ಅಕ್ಕ ಎರಡು ದಿನ ನನ್ನ ಬಾಗಿಲು ತೆಗೆದಿಲ್ಲ ಅಂತ ಗಮನಿಸಿ ಬಂದು ಬಾಗಿಲು ಬಡಿದ್ರು. ಟವರಲ್ಲಿ ಅದು ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಕಳೆದ ತಿಂಗಳು ನಮ್ಮ ಬೀದಿಗೂ ಮೊದಲನೇ ಕೀ ಬಾಕ್ಸ್ ಬಂತು, ತುದಿ ಮನೆ ಗೇಟಲ್ಲಿ. ಅದರ ಮಾಲೀಕರು ಬೇರೆ ಊರಲ್ಲಿರೋದು, ನಂಬರ್ ಹುಡುಕಿ ಫೋನ್ ಮಾಡ್ದೆ. ಇಲ್ಲಿ ನರ್ಸ್ ಒಬ್ಬರು ವರ್ಷಪೂರ್ತಿ ಬಾಡಿಗೆಗೆ ಮನೆ ಹುಡುಕ್ತಿದಾರೆ, ಅವರಿಗೆ ಕೊಡಿ, ಗೆಸ್ಟ್ ಬಾಡಿಗೆ ಲೆಕ್ಕ ನನ್ನ ಟವರ್ ಫ್ಲ್ಯಾಟಿಗೆ ನಾನು ಹಾಕಿ ನೋಡಿದೀನಿ, ಕೂತು ತೋರಿಸ್ತೀನಿ ಬೇಕಾದ್ರೆ ಅಂದೆ. ಈ ಸೀಸನ್ ಒಂದು ಮುಗೀಲಿ, ಆಮೇಲೆ ಮಾತಾಡೋಣ ಅಂದಿದಾರೆ.